ಓಟಿಲ್ಲ ಅಂತ ಕ್ಷೇತ್ರ ನಿಂದಲ್ಲ ಅನ್ಕೋಬೇಡ: ಕ್ಯಾಲಿಫೋರ್ನಿಯಾ 17ರ ಬಗ್ಗೆ ಹೊಸದಾಗಿ ಬಂದ ತಮ್ಮನಿಗೆ

ನೀನು ಕೇಳಿದ್ದು ಇಷ್ಟು. ಸನಿವೇಲ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲಿದ್ದೀಯ, ಮಗಳನ್ನ ಸ್ಕೂಲಿಗೆ ಸೇರಿಸೋ ಟೈಮ್ ಬಂತು ಅಂತ ಫ್ರೀಮಾಂಟ್ ಕಡೆ ಮನೆ ನೋಡ್ತಿದ್ದೀಯ, ರಸ್ತೆ ತುಂಬ ಎಲೆಕ್ಷನ್ ಬೋರ್ಡು, ಮೇಲ್‌ಬಾಕ್ಸ್ ತುಂಬ ಬಣ್ಣದ ಕಾರ್ಡು. "ಅಕ್ಕಾ, ನಮಗಂತೂ ಓಟಿಲ್ಲ, ಇದಕ್ಕೂ ನಮಗೂ ಏನು ಸಂಬಂಧ, ನಮ್ಮ ಪಾಡಿಗೆ ನಾವಿದ್ರೆ ಸಾಕಲ್ವಾ? ಈ ಕಾಂಗ್ರೆಷನಲ್ ಡಿಸ್ಟ್ರಿಕ್ಟ್ 17 ಅಂತಾರಲ್ಲ, ಅದು ಎಲ್ಲಿಂದ ಎಲ್ಲಿವರೆಗೆ?" ಅಂತ. ನೀನು ಅಂತಾನೇ ಬರೀತೀನಿ, ನಮ್ಮ ತಿಪಟೂರು ಕಡೆ ತಮ್ಮನ ವಯಸ್ಸಿನವರಿಗೆ ನೀವು ಅಂತ ಬಹುವಚನ ಹಾಕೋಕೆ ಮನಸ್ಸು ಬರಲ್ಲ.

ಸಂಬಂಧ ಇದೆ. ತುಂಬಾನೇ ಇದೆ. ಇಲ್ಲಿ ಹತ್ತು ವರ್ಷಕ್ಕೊಂದ್ಸಲ ಜನಗಣತಿ ಆಗುತ್ತಲ್ಲ, ಅದರಲ್ಲಿ ಸಿಟಿಜನ್ನಾ ಅಲ್ವಾ ಅಂತ ನೋಡಿ ಎಣಿಸಲ್ಲ, ಇಲ್ಲಿ ವಾಸ ಇರೋ ಎಲ್ಲರನ್ನೂ ಎಣಿಸ್ತಾರೆ, ಗ್ರೀನ್ ಕಾರ್ಡ್ ಇರೋರು, ಎಚ್-1ಬಿ ಇರೋರು, ಓದೋಕೆ ಬಂದ ಹುಡುಗರು, ನೆನ್ನೆ ಹುಟ್ಟಿದ ಕೂಸು, ಎಲ್ಲರೂ ಲೆಕ್ಕಕ್ಕೆ ಸೇರ್ತಾರೆ. ಇಲ್ಲಿನ ಪಾರ್ಲಿಮೆಂಟಿಗೆ ಕಾಂಗ್ರೆಸ್ ಅಂತಾರೆ, ಅದರ ಕೆಳಮನೆಗೆ ಹೌಸ್ ಅಂತಾರೆ, ಆ ಲೆಕ್ಕದ ಮೇಲೆ ಹೌಸ್‌ನ 435 ಸೀಟನ್ನ ರಾಜ್ಯಗಳಿಗೆ ಹಂಚ್ತಾರೆ. 2020ರ ಗಣತಿ ಆದ್ಮೇಲೆ ಕ್ಯಾಲಿಫೋರ್ನಿಯಾಗೆ 53 ಇದ್ದದ್ದು 52 ಆಯ್ತು, ಈ ರಾಜ್ಯ ಹುಟ್ಟಿದಾಗಿಂದ ಸೀಟು ಕಳ್ಕೊಂಡಿದ್ದು ಅದೇ ಮೊದಲು. ಒಂದೊಂದು ಕ್ಷೇತ್ರಕ್ಕೂ ಸುಮಾರು 7,60,000 ಜನ. ನಮ್ಮ 17ರಲ್ಲಿ ಆ ಏಳೂವರೆ ಲಕ್ಷ ಚಿಲ್ಲರೆ ಜನರಲ್ಲಿ ನಿನ್ನ ಥರ ಓಟಿಲ್ಲದೆ ಇರೋರು ರಾಶಿ ರಾಶಿ. ಅವರನ್ನೆಲ್ಲ ಬಿಟ್ಟು ಎಣಿಸಿದ್ರೆ ಈ ಕ್ಷೇತ್ರದ ಗೆರೆ ಇಲ್ಲಿ ಬೀಳ್ತಾನೇ ಇರ್ಲಿಲ್ಲ, ಇನ್ನೂ ಎಷ್ಟೋ ದೂರ ಹಬ್ಬಿಸಬೇಕಾಗ್ತಿತ್ತು. ಅಂದ್ರೆ ಗೆದ್ದು ವಾಷಿಂಗ್‌ಟನ್‌ಗೆ ಹೋಗೋರು ನಿನ್ನ ತಲೆ ಲೆಕ್ಕದಲ್ಲೂ ಹೋಗ್ತಾರೆ, ಇದನ್ನ ಮೊದಲು ಮನಸ್ಸಲ್ಲಿ ಇಟ್ಕೋ, ಉಳಿದಿದ್ದೆಲ್ಲ ಆಮೇಲೆ.

ಇನ್ನು ಎಲ್ಲಿಂದ ಎಲ್ಲಿಗೆ ಅಂದ್ರೆ, ಸ್ಯಾನ್ ಫ್ರಾನ್ಸಿಸ್ಕೊ ಬೇ, ಅಂದ್ರೆ ಕೊಲ್ಲಿ, ದಕ್ಷಿಣಕ್ಕೆ ಬರ್ತಾ ಬರ್ತಾ ಕಿರಿದಾಗಿ ಕೊನೆಗೆ ಕೆಸರು ಗದ್ದೆ ಥರ ಮುಗಿಯುತ್ತಲ್ಲ, ಆ ತುದಿ ಸುತ್ತ ಕುದುರೆ ಲಾಳ ಇಟ್ಟ ಹಾಗಿದೆ ಈ ಕ್ಷೇತ್ರ. ಪಶ್ಚಿಮದ ಕಡೆ ಕೂಪರ್ಟಿನೊ, ಸನಿವೇಲ್, ಸ್ಯಾಂಟಾ ಕ್ಲಾರಾ. ತಳದಲ್ಲಿ ಸ್ಯಾನ್ ಹೋಸೆಯ ಉತ್ತರ ಭಾಗ, ಮಿಲ್ಪಿಟಾಸ್. ಪೂರ್ವದ ಕಡೆ ಮೇಲಕ್ಕೆ ಹತ್ತಿದ್ರೆ ಫ್ರೀಮಾಂಟ್‌ನ ಬಹುಭಾಗ, ನ್ಯೂಆರ್ಕ್. ಎರಡು ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಥರ, ಬರುತ್ತೆ, ಸ್ಯಾಂಟಾ ಕ್ಲಾರಾ ಮತ್ತು ಅಲಮೀಡಾ. ನೀನು ಸನಿವೇಲ್‌ನಿಂದ ಫ್ರೀಮಾಂಟ್‌ಗೆ ಶಿಫ್ಟ್ ಆದ್ರೆ ಕೌಂಟಿ ಬದಲಾಗುತ್ತೆ, ಬಹುಶಃ ಕಾಂಗ್ರೆಸ್ ಕ್ಷೇತ್ರ ಅದೇ ಇರುತ್ತೆ. ಬಹುಶಃ ಯಾಕಂದೆ ಅಂದ್ರೆ 2022ರ ಎಲೆಕ್ಷನ್‌ನ ನಕ್ಷೆಯಲ್ಲಿ ಫ್ರೀಮಾಂಟ್‌ನ ಒಂದು ತುಂಡು ಪಕ್ಕದ 14ನೇ ಕ್ಷೇತ್ರಕ್ಕೆ ಹೋಯ್ತು, ಆಮೇಲೆ ನಕ್ಷೆ ಮತ್ತೆ ಬದಲಾಯ್ತು, ಅದನ್ನ ಕೊನೆಗೆ ಹೇಳ್ತೀನಿ.

ಮನೆ ನೋಡೋಕೆ ಹೋಗ್ವಾಗ 237ನೇ ಹೈವೇ ಹಿಡಿದು ಹೋಗ್ತೀಯಲ್ಲ, ಎಡಗಡೆ ನೋಡು. ಆಫೀಸ್ ಕಟ್ಟಡಗಳು ಮುಗಿದ ತಕ್ಷಣ ಚಪ್ಪಟೆ ನೀರು, ಮಧ್ಯೆ ಮಧ್ಯೆ ಮಣ್ಣಿನ ಬದು, ವಿಮಾನದಿಂದ ನೋಡಿದ್ರೆ ಒಂದೊಂದು ಮಡಿಗೆ ಒಂದೊಂದು ಬಣ್ಣ, ಹಸಿರು, ಕಂದು, ಕೆಲವು ಕುಂಕುಮದ ನೀರಿನ ಹಾಗೆ ಕೆಂಪು. ಅವು ಉಪ್ಪಿನ ಮಡಿಗಳು, ಚಿನ್ನದ ಹುಚ್ಚಿನ ಕಾಲದಿಂದ ಅಂದ್ರೆ 1850ರ ದಶಕದಿಂದ ಇಲ್ಲಿ ಉಪ್ಪು ತೆಗೀತಿದ್ದಾರೆ, ಉಪ್ಪು ಜಾಸ್ತಿ ಆದಷ್ಟೂ ಅದರಲ್ಲಿ ಬದುಕೋ ಸೂಕ್ಷ್ಮಜೀವಿಗಳಿಂದ ಆ ಬಣ್ಣ ಬರುತ್ತೆ. ಪಕ್ಕದ ಕ್ಷೇತ್ರದಿಂದ 1963ರಿಂದ 1995ರವರೆಗೆ ಕಾಂಗ್ರೆಸ್‌ನಲ್ಲಿದ್ದ ಡಾನ್ ಎಡ್ವರ್ಡ್ಸ್ ಅಂತ ಒಬ್ರು, ಬೇ ತುಂಬಿಸಿ ಲೇಔಟ್ ಮಾಡೋ ಕಾಲದಲ್ಲಿ ಈ ಜೌಗು ಉಳೀಬೇಕು ಅಂತ ಹಿಡಿದ ಪಟ್ಟು ಬಿಡದೆ 1972ರಲ್ಲಿ ಕಾನೂನು ಮಾಡಿಸಿದ್ರು, ಈಗ ಅದು ಅವರ ಹೆಸರಿನ ವನ್ಯಜೀವಿ ಧಾಮ. 2003ರಲ್ಲಿ ರಾಜ್ಯ ಮತ್ತು ಫೆಡರಲ್ ಸರ್ಕಾರ ಸೇರಿ ಉಪ್ಪಿನ ಕಂಪನಿ ಹತ್ರ 15,100 ಎಕರೆ ತಗೊಂಡು ಮತ್ತೆ ಜೌಗು ಮಾಡ್ತಾ ಇದ್ದಾರೆ. ಭಾನುವಾರ ಮಗಳನ್ನ ಕರ್ಕೊಂಡು ಆಲ್ವಿಸೋಗೆ ಹೋಗು, ಪೆಲಿಕನ್‌ಗಳು ಬರ್ತವೆ, ಅವಳಿಗೆ ಖುಷಿಯಾಗುತ್ತೆ. ಆ ಆಲ್ವಿಸೋ ಒಂದು ಕಾಲಕ್ಕೆ ಬಂದರು. ಈ ಕಣಿವೆಯಲ್ಲಿ ತೋಟಗಳಿಗೆ, ಆಮೇಲೆ ಬೆಳೀತಿದ್ದ ಊರುಗಳಿಗೆ ಬೋರ್‌ವೆಲ್ ನೀರು ಎತ್ತಿ ಎತ್ತಿ ನೆಲ ಕುಸಿದು ಹೋಗಿ ಈಗ ಆ ಊರು ಸಮುದ್ರಮಟ್ಟಕ್ಕಿಂತ ಕೆಳಗಿದೆ, ಏರಿ ಇಲ್ಲದಿದ್ರೆ ನೀರು ಒಳಗೆ. ಆ ಏರಿ ಎತ್ತರಿಸೋ ಕೆಲಸಕ್ಕೆ ಫೆಡರಲ್ ದುಡ್ಡು ಬರಬೇಕು, ಅದನ್ನ ತರೋದು ಕಾಂಗ್ರೆಸ್‌ನವರ ಕೆಲಸ. ಬೋರ್ಡು ಕಾರ್ಡು ನೋಡಿದ್ರೆ ಇದ್ಯಾವುದೂ ಗೊತ್ತಾಗಲ್ಲ.

ಈಗ ಎಲ್ಲ ಸಾಫ್ಟ್‌ವೇರ್ ಅನ್ಸುತ್ತೆ, ಆದ್ರೆ ಈ ಜಾಗ ಹಣ್ಣಿನ ತೋಟ, ಆಮೇಲೆ ಕಾರ್ಖಾನೆ, ಆಮೇಲೆ ಕಂಪ್ಯೂಟರ್ ಚಿಪ್. ಸನಿವೇಲ್‌ನಲ್ಲಿ ಹಣ್ಣಿನ ಡಬ್ಬಿಯ ಚಿತ್ರ ಬರೆದಿರೋ ನೀರಿನ ಟ್ಯಾಂಕ್ ಇನ್ನೂ ನಿಂತಿದೆ ನೋಡು, ಅದು ಹಳೇ ಹಣ್ಣು ಡಬ್ಬಿ ತುಂಬೋ ಫ್ಯಾಕ್ಟರಿದು. ಅದೇ ಊರಿಗೆ 1956ರಲ್ಲಿ ಲಾಕ್‌ಹೀಡ್‌ನವರು ಬಂದು ಸಬ್‌ಮರೀನ್‌ನಿಂದ ಹಾರಿಸೋ ಕ್ಷಿಪಣಿ ಮಾಡಿದ್ರು. ಅದೇ 1956ರಲ್ಲೇ ಸೆಂಟರ್‌ವಿಲ್, ನೈಲ್ಸ್, ಇರ್ವಿಂಗ್‌ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಅಂತ ಐದು ಊರು ಸೇರ್ಕೊಂಡು ಫ್ರೀಮಾಂಟ್ ಆಯ್ತು, ಅದಕ್ಕೇ ಅಲ್ಲಿ ಮನೆ ಹುಡುಕುವಾಗ ಏಜೆಂಟುಗಳು ಈ ಐದು ಹೆಸರಲ್ಲೇ ಮಾತಾಡ್ತಾರೆ. ಈಗ ಟೆಸ್ಲಾ ಇರೋ ಫ್ಯಾಕ್ಟರಿ ಮೊದಲು ಜನರಲ್ ಮೋಟಾರ್ಸ್‌ದು, 1982ರಲ್ಲಿ ಮುಚ್ಚಿ 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆಗೆದ್ರು, 2010ರಲ್ಲಿ ಅದೂ ಮುಚ್ಚಿತು. ಮಿಲ್ಪಿಟಾಸ್‌ನ ಗ್ರೇಟ್ ಮಾಲ್ ಫೋರ್ಡ್ ಕಾರ್ಖಾನೆ ಆಗಿತ್ತು. ಯೂನಿಯನ್‌ನವರು, ಡಿಫೆನ್ಸ್ ಎಂಜಿನಿಯರ್‌ಗಳು, ತೋಟದವರು, ಇವರೆಲ್ಲ ಇಲ್ಲಿನ ಓಟುದಾರರಾಗಿದ್ರು, ಸ್ಯಾಂಟಾ ಕ್ಲಾರಾ ಕೌಂಟಿ 1984ರಲ್ಲಿ ರೇಗನ್‌ಗೆ ಓಟು ಹಾಕಿದೆ ಅಂದ್ರೆ ಈಗ ಬಂದೋರು ನಂಬಲ್ಲ, ಆಮೇಲಿಂದ ಯಾವ ರಿಪಬ್ಲಿಕನ್ ಪ್ರೆಸಿಡೆಂಟ್‌ಗೂ ಹಾಕಿಲ್ಲ.

ಒಂದು ಗೊಂದಲ ಈಗ್ಲೇ ಬಿಡಿಸಿಬಿಡ್ತೀನಿ. 17 ಅನ್ನೋ ನಂಬರ್‌ನ ಚರಿತ್ರೆ ಹುಡುಕಿದ್ರೆ ನಿನಗೆ ಸ್ಯಾಮ್ ಫಾರ್, ಲಿಯಾನ್ ಪನೆಟ್ಟಾ ಹೆಸರು ಸಿಗುತ್ತೆ, ಅವರು ಮಾಂಟೆರೆ ಸಮುದ್ರತೀರದವರು, ನಮ್ಮೋರಲ್ಲ. ಯಾಕಂದ್ರೆ 2012ರ ಎಲೆಕ್ಷನ್‌ಗೆ ಮುಂಚೆ 17 ಅಂದ್ರೆ ಮಾಂಟೆರೆ ಕಡೆ, ನಮ್ಮ ಜಾಗದ ಹೆಚ್ಚು ಭಾಗ 15ರಲ್ಲಿತ್ತು, ಫ್ರೀಮಾಂಟ್ 13ರಲ್ಲಿತ್ತು. ನಮ್ಮಲ್ಲಿ 2008ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಬೆಂಗಳೂರು ಗ್ರಾಮಾಂತರ ಬಂತಲ್ಲ ಹಾಗೆ, ಜನ ಇದ್ದಲ್ಲೇ ಇದ್ರು, ಹೆಸರು ಗೆರೆ ಓಡಾಡಿದ್ವು. ಆದ್ರೆ ನಮ್ಮಲ್ಲಿ ಎಷ್ಟು ಸೀಟು ಅನ್ನೋದು ಹಳೇ 1971ರ ಗಣತಿ ಮೇಲೇ ನಿಂತಿದೆ, ಇಲ್ಲಿ ಪ್ರತಿ ಹತ್ತು ವರ್ಷಕ್ಕೂ ಹೊಸದಾಗಿ ಲೆಕ್ಕ ಹಾಕ್ತಾರೆ. ಮೊದಲೆಲ್ಲ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದ ರಾಜಕಾರಣಿಗಳೇ ಗೆರೆ ಎಳ್ಕೊಳ್ತಿದ್ರು, 2010ರಲ್ಲಿ ಜನ ಓಟು ಹಾಕಿ ಆ ಕೆಲಸವನ್ನ 14 ಜನ ಸಾಮಾನ್ಯರ ಕಮಿಷನ್‌ಗೆ ಕೊಟ್ರು, 5 ಡೆಮಾಕ್ರಾಟ್, 5 ರಿಪಬ್ಲಿಕನ್, 4 ಜನ ಎರಡೂ ಅಲ್ಲದವರು. ಆ ಕಮಿಷನ್ ಬರೆದ ನಕ್ಷೆಯಲ್ಲೇ ನಮ್ಮ 17 ಹುಟ್ಟಿದ್ದು, ಹವಾಯಿ ಬಿಟ್ರೆ ಅಮೆರಿಕದಲ್ಲಿ ಏಷ್ಯನ್ ಮೂಲದವರು ಅರ್ಧಕ್ಕಿಂತ ಹೆಚ್ಚಿರೋ ಮೊದಲ ಕ್ಷೇತ್ರ ಇದು. ಕೂಪರ್ಟಿನೊದಲ್ಲಿ ಚೀನಾದವರು ನಮ್ಮವರು, ಮಿಲ್ಪಿಟಾಸ್‌ನಲ್ಲಿ ವಿಯೆಟ್ನಾಮ್, ಫಿಲಿಪೀನ್ಸ್‌ನವರು, ಫ್ರೀಮಾಂಟ್‌ನ ಸೆಂಟರ್‌ವಿಲ್‌ನಲ್ಲಿ ಅಫ್ಘಾನಿಸ್ತಾನದವರು, ಅಲ್ಲಿ ಬಿಸಿ ನಾನ್ ತಿಂದು ನೋಡು.

ಈಗ ನಂಗೆ ನಿಜವಾಗಿ ಹೇಳಬೇಕು ಅನ್ಸೋ ಭಾಗ. ನೀನು ಬಂದಿಳಿದ ಸ್ಯಾನ್ ಹೋಸೆ ಏರ್‌ಪೋರ್ಟ್‌ಗೆ ನಾರ್ಮನ್ ಮಿನೆಟಾ ಅಂತ ಹೆಸರಿದೆ, ಬೋರ್ಡ್ ನೋಡಿರ್ತೀಯ, ಯಾರು ಅಂತ ಕೇಳಿರಲ್ಲ. ಅವರು ಹುಟ್ಟಿದ್ದು 1931ರಲ್ಲಿ ಸ್ಯಾನ್ ಹೋಸೆಯಲ್ಲೇ, ಅಪ್ಪ ಅಮ್ಮ ಜಪಾನಿನಿಂದ ಬಂದವರು, ಆಗಿನ ಕಾನೂನಿನಲ್ಲಿ ಏಷ್ಯಾದಿಂದ ಬಂದವರು ಎಷ್ಟು ವರ್ಷ ಇದ್ರೂ ಸಿಟಿಜನ್ ಆಗೋ ಹಾಗಿರ್ಲಿಲ್ಲ. 1942ರಲ್ಲಿ ಯುದ್ಧದ ಹೆಸರಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನ, ಅದರಲ್ಲಿ ಹೆಚ್ಚು ಜನ ಇಲ್ಲೇ ಹುಟ್ಟಿದ ಸಿಟಿಜನ್‌ಗಳು, ಮನೆ ಬಿಡಿಸಿ ಮುಳ್ಳುತಂತಿ ಒಳಗಿನ ಕ್ಯಾಂಪ್‌ಗಳಿಗೆ ಕಳಿಸಿದ್ರು. ಆಗ ಮಿನೆಟಾಗೆ ಹತ್ತು ವರ್ಷ. ಕಬ್ ಸ್ಕೌಟ್ ಯೂನಿಫಾರ್ಮ್ ಹಾಕ್ಕೊಂಡು, ಬೇಸ್‌ಬಾಲ್ ಬ್ಯಾಟ್ ಹಿಡ್ಕೊಂಡು ರೈಲು ಹತ್ತೋಕೆ ಹೋದ್ರೆ ಸೈನಿಕರು ಆ ಬ್ಯಾಟ್ ಕಿತ್ಕೊಂಡ್ರು, ಅದು ಆಯುಧ ಆಗಬಹುದು ಅಂತ. ಮೊದಲು ಸ್ಯಾಂಟಾ ಅನಿಟಾದ ಕುದುರೆ ರೇಸ್ ಮೈದಾನ, ಆಮೇಲೆ ವಯೋಮಿಂಗ್‌ನ ಹಾರ್ಟ್ ಮೌಂಟನ್ ಕ್ಯಾಂಪ್. ಅಲ್ಲಿ ಹೊರಗಿನ ಊರಿನ ಸ್ಕೌಟ್ ಹುಡುಗರು ಕ್ಯಾಂಪ್‌ಗೆ ಬರೋರು, ಅದರಲ್ಲಿ ಆಲನ್ ಸಿಂಪ್ಸನ್ ಅನ್ನೋ ಹುಡುಗ ಫ್ರೆಂಡ್ ಆದ. ಬ್ಯಾಟ್ ಕಳ್ಕೊಂಡ ಹುಡುಗ ಮಿನೆಟಾ ಮುಂದೆ 1971ರಲ್ಲಿ ಸ್ಯಾನ್ ಹೋಸೆ ಮೇಯರ್ ಆದ, 1974ರಲ್ಲಿ ಗೆದ್ದು 1975ರಿಂದ ಇಪ್ಪತ್ತು ವರ್ಷ ಈ ಜಾಗದಿಂದ ಕಾಂಗ್ರೆಸ್‌ನಲ್ಲಿ ಕೂತ. ಆ ಸಿಂಪ್ಸನ್ ವಯೋಮಿಂಗ್‌ನಿಂದ ರಿಪಬ್ಲಿಕನ್ ಸೆನೆಟರ್, ಅಂದ್ರೆ ಮೇಲ್ಮನೆ ಸದಸ್ಯ, ಆಗಿದ್ದ. ಇಬ್ಬರೂ ಬೇರೆ ಬೇರೆ ಪಾರ್ಟಿಯಲ್ಲಿದ್ದು 1988ರ ಸಿವಿಲ್ ಲಿಬರ್ಟೀಸ್ ಆಕ್ಟ್‌ಗೆ ದುಡಿದ್ರು, ಆ ಕಾನೂನಿನಲ್ಲಿ ಸರ್ಕಾರ ಕ್ಷಮೆ ಕೇಳ್ತು, ಕ್ಯಾಂಪ್‌ನಲ್ಲಿದ್ದು ಬದುಕಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಕೊಡ್ತು.

ಮಿನೆಟಾ 1995ರಲ್ಲಿ ರಾಜೀನಾಮೆ ಕೊಟ್ಟು ಹೊರಟ್ರು. ಬೈಎಲೆಕ್ಷನ್‌ನಲ್ಲಿ ಟಾಮ್ ಕ್ಯಾಂಪ್‌ಬೆಲ್ ಅಂತ ರಿಪಬ್ಲಿಕನ್, ಸ್ಟ್ಯಾನ್‌ಫರ್ಡ್‌ನಲ್ಲಿ ಕಾನೂನು ಪಾಠ ಮಾಡ್ತಿದ್ದವರು, ಗೆದ್ರು. 2000ದಲ್ಲಿ ಅವರು ಸೆನೆಟ್‌ಗೆ ನಿಂತು ಸೋತರು, ಖಾಲಿಯಾದ ಸೀಟಿಗೆ ಮೈಕ್ ಹೊಂಡಾ ಬಂದ್ರು, ಅದಾದ್ಮೇಲೆ ಇಲ್ಲಿಂದ ರಿಪಬ್ಲಿಕನ್ ಯಾರೂ ಗೆದ್ದಿಲ್ಲ. ಹೊಂಡಾ ಕೂಡ ಕ್ಯಾಂಪ್‌ನ ಮಗು, 1941ರಲ್ಲಿ ಹುಟ್ಟಿ ಕೈಕೂಸಿದ್ದಾಗಲೇ ಕೊಲೊರಾಡೊದ ಕ್ಯಾಂಪ್‌ಗೆ ಹೋದವರು, ಆಮೇಲೆ ಮೇಷ್ಟ್ರು, ಪ್ರಿನ್ಸಿಪಾಲ್ರು, ಸ್ಕೂಲ್ ಬೋರ್ಡು, ಕೌಂಟಿ, ಅಸೆಂಬ್ಲಿ, ಹೀಗೆ ಮೆಟ್ಟಿಲು ಮೆಟ್ಟಿಲು ಹತ್ತಿ ಬಂದವರು. ಯೋಚನೆ ಮಾಡು ತಮ್ಮಾ, ಸರ್ಕಾರ ಮುಳ್ಳುತಂತಿ ಒಳಗೆ ಹಾಕಿದ್ದ ಇಬ್ಬರು ಮಕ್ಕಳನ್ನ ಇಲ್ಲಿನ ಜನ ದೊಡ್ಡವರಾದ ಮೇಲೆ ಅದೇ ಸರ್ಕಾರದ ಒಳಗೆ ಕಳಿಸಿದ್ದಾರೆ. ನಮಗೆ ಓಟಿಲ್ಲ ನಮಗೇನು ಅಂತ ನೀನು ಬರೆದಾಗ ನಂಗೆ ಮಿನೆಟಾ ಅವರ ಅಪ್ಪನೇ ನೆನಪಾಗಿದ್ದು, ಅವರಿಗೂ ಎಷ್ಟೋ ವರ್ಷ ಓಟಿರ್ಲಿಲ್ಲ.

ನಮ್ಮವರ ಕಥೆನೂ ಅದೇ. 1923ರಲ್ಲಿ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಕೇಸಲ್ಲಿ ಇಂಡಿಯನ್ನರು ಸಿಟಿಜನ್ ಆಗೋ ಹಾಗಿಲ್ಲ ಅಂತ ತೀರ್ಪು ಕೊಡ್ತು, ಅಷ್ಟೊತ್ತಿಗೆ ಆಗಿದ್ದವರದ್ದೂ ಎಷ್ಟೋ ಜನರದ್ದು ಕಿತ್ಕೊಂಡ್ರು. 1946ರಲ್ಲಿ ಕಾಂಗ್ರೆಸ್ ಲ್ಯೂಸ್-ಸೆಲ್ಲರ್ ಕಾನೂನು ಮಾಡಿ ಬಾಗಿಲು ತೆಗೀತು, ವರ್ಷಕ್ಕೆ ನೂರು ಜನ ಅಂತ. ಆ ಕಾನೂನಿಗೆ ಓಡಾಡಿದವರಲ್ಲಿ ದಲೀಪ್ ಸಿಂಗ್ ಸೌಂಡ್ ಒಬ್ರು, 1949ರಲ್ಲಿ ಸಿಟಿಜನ್ ಆಗಿ 1956ರಲ್ಲಿ ಇದೇ ಕ್ಯಾಲಿಫೋರ್ನಿಯಾದ ದಕ್ಷಿಣದ ರಿವರ್‌ಸೈಡ್, ಇಂಪೀರಿಯಲ್ ಕೌಂಟಿಗಳ ಕ್ಷೇತ್ರದಿಂದ ಗೆದ್ದು ಕಾಂಗ್ರೆಸ್‌ಗೆ ಹೋದ ಮೊದಲ ಏಷ್ಯನ್ ಅಮೆರಿಕನ್ ಆದ್ರು. ಈಗ ನೋಡು, ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನ ಡೆಟ್ರಾಯಿಟ್ ಕಡೆಯ 13ನೇ ಕ್ಷೇತ್ರದಿಂದ ಗೆದ್ರು.

ಹೊಂಡಾ ಕಾಲಕ್ಕೆ ವಾಪಸ್ ಬರ್ತೀನಿ. 2010ರಲ್ಲೇ ಜನ ಇನ್ನೊಂದು ಬದಲಾವಣೆಗೂ ಓಟು ಹಾಕಿದ್ರು, ಟಾಪ್ ಟೂ ಪ್ರೈಮರಿ ಅಂತ. ಜೂನ್‌ನಲ್ಲೋ ಮಾರ್ಚ್‌ನಲ್ಲೋ ಎಲ್ಲ ಪಾರ್ಟಿಯವರೂ ಒಂದೇ ಬ್ಯಾಲಟ್‌ನಲ್ಲಿ, ಅದರಲ್ಲಿ ಮೊದಲ ಇಬ್ಬರು ಯಾವ ಪಾರ್ಟಿಯವರಾದ್ರೂ ಸರಿ ನವೆಂಬರ್‌ಗೆ ಹೋಗ್ತಾರೆ. ಇದರಿಂದ ಡೆಮಾಕ್ರಾಟ್‌ಗೆ ಡೆಮಾಕ್ರಾಟ್ ಎದುರಾಳಿ ಆಗೋದು ಶುರುವಾಯ್ತು. ಕಾಂಗ್ರೆಸ್‌ನಲ್ಲಿ 40 ವರ್ಷ ಕೂತಿದ್ದ, ಫ್ರೀಮಾಂಟ್‌ನವರನ್ನೂ ಪ್ರತಿನಿಧಿಸಿದ್ದ ಪೀಟ್ ಸ್ಟಾರ್ಕ್ 2012ರಲ್ಲಿ ತಮ್ಮದೇ ಪಾರ್ಟಿಯ ಎಳೇ ಹುಡುಗ ಎರಿಕ್ ಸ್ವಾಲ್‌ವೆಲ್ ಕೈಲಿ ಸೋತಿದ್ದು ಹೀಗೇ. 2014ರಲ್ಲಿ ನಮ್ಮ 17ಕ್ಕೆ ಸರದಿ ಬಂತು. ಒಂದು ಕಡೆ ಹೊಂಡಾ, ಅವರ ಹಿಂದೆ ಒಬಾಮಾ, ಯೂನಿಯನ್‌ಗಳು. ಇನ್ನೊಂದು ಕಡೆ ರೋ ಖನ್ನಾ, ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಪಂಜಾಬಿ ಮನೆತನದ ಲಾಯರ್, ಒಬಾಮಾ ಸರ್ಕಾರದ ಕಾಮರ್ಸ್ ಇಲಾಖೆಯಲ್ಲಿ ಕೆಲಸ ಮಾಡಿದ್ದವರು, ತಾಯಿಯ ತಂದೆ ಅಮರನಾಥ ವಿದ್ಯಾಲಂಕಾರ್ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ ಆಮೇಲೆ ಲೋಕಸಭೆಯಲ್ಲೂ ಇದ್ದವರು. ಟೆಕ್ ಕಂಪನಿಗಳ ದೊಡ್ಡ ದೊಡ್ಡವರು ಖನ್ನಾಗೆ ದುಡ್ಡು ಕೊಟ್ರು.

ಆ ವರ್ಷದ ಗದ್ದಲ ನೀನು ನೋಡಬೇಕಿತ್ತು. ದಿನಾ ಮೇಲ್‌ಬಾಕ್ಸ್‌ನಲ್ಲಿ ಎರಡು ಮೂರು ಕಾರ್ಡು, ಒಂದರಲ್ಲಿ ಹೊಂಡಾ ಮಕ್ಕಳ ಜೊತೆ ಕ್ಲಾಸ್‌ರೂಮಲ್ಲಿ, ಇನ್ನೊಂದರಲ್ಲಿ ಖನ್ನಾ ಫ್ಯಾಕ್ಟರಿ ಮುಂದೆ, ಮೂರನೇದ್ರಲ್ಲಿ ಒಬ್ರನ್ನೊಬ್ರು ಬೈದಿರೋದು. ಆಗಸ್ಟ್‌ನಲ್ಲಿ ಫ್ರೀಮಾಂಟ್‌ನಲ್ಲಿ ನಡೆಯೋ ಇಂಡಿಯಾ ಪೆರೇಡ್‌ನಲ್ಲಿ ಎರಡೂ ಕಡೆಯ ಟೀ ಶರ್ಟ್ ಹಾಕಿದ ಹುಡುಗರು, ಬಿಸಿಲಲ್ಲಿ ಸ್ಟಿಕರ್ ಹಂಚೋರು. ನಮ್ಮ ಮನೇಲಿ ಊಟದ ಟೇಬಲ್‌ನಲ್ಲಿ ನಮ್ಮೆಜಮಾನ್ರು ಒಂದು ಪಕ್ಷ ನಾನೊಂದು ಪಕ್ಷ. ನಮ್ಮವರು ಒಬ್ರು ಹೋಗಲಿ ಅಂತ ಅವರು, ಈ ಕಣಿವೆಯ ಚರಿತ್ರೆ ಹೊತ್ತ ಮನುಷ್ಯನನ್ನ ಯಾಕೆ ಇಳಿಸಬೇಕು ಅಂತ ನಾನು. ಎಷ್ಟೋ ಮನೆಗಳಲ್ಲಿ ಇದೇ ಆಗಿತ್ತು. ಕೊನೆಗೆ ಹೊಂಡಾ 51.8, ಖನ್ನಾ 48.2, ಅಷ್ಟು ಹತ್ತಿರ ಬಂದು ನಿಂತಿತು. 2016ರಲ್ಲಿ ಅದೇ ಇಬ್ಬರು ಮತ್ತೆ. ಅಷ್ಟೊತ್ತಿಗೆ ಹೊಂಡಾ ಮೇಲೆ ಸದನದ ಎಥಿಕ್ಸ್ ವಿಚಾರಣೆ ನಡೀತಿತ್ತು, ಆಫೀಸ್ ಸಿಬ್ಬಂದಿಯನ್ನ ಪ್ರಚಾರಕ್ಕೆ ಬಳಸಿದ್ರಾ ಅಂತ. ಜೂನ್‌ನಲ್ಲೇ ಖನ್ನಾ ಸ್ವಲ್ಪ ಮುಂದೆ ಬಂದ್ರು, ನವೆಂಬರ್‌ನಲ್ಲಿ 61ಕ್ಕೆ 39. ಎರಡು ವರ್ಷದಲ್ಲಿ ಗಾಳಿ ಅಷ್ಟು ತಿರುಗಿತು.

ಆಮೇಲಿನ ಎಲೆಕ್ಷನ್‌ಗಳ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಖನ್ನಾ 2018ರಲ್ಲಿ ಸುಮಾರು 75 ಪರ್ಸೆಂಟ್, 2020 ಮತ್ತು 2022ರಲ್ಲಿ 71ರ ಆಸುಪಾಸು, 2024ರಲ್ಲಿ 68ರ ಹತ್ರ ತಗೊಂಡು ಗೆದ್ದಿದ್ದಾರೆ. ಅದರಲ್ಲಿ 2020, 2022 ಎರಡರಲ್ಲೂ ಎದುರಾಳಿ ರಿಪಬ್ಲಿಕನ್ ಪಾರ್ಟಿಯ ರಿತೇಶ್ ಟಂಡನ್, ಅಂದ್ರೆ ಕೊನೆ ಇಬ್ಬರೂ ಇಂಡಿಯನ್ ಮೂಲದವರು. ನಮ್ಮವನಿಗೆ ಓಟು ಅನ್ನೋ ಮಾತೇ ಅಲ್ಲಿಗೆ ಮುಗೀತು, ನಂಗೆ ಅದು ತುಂಬ ಒಳ್ಳೇದು ಅನ್ಸುತ್ತೆ, ಹೆಸರು ಬಿಟ್ಟು ಕೆಲಸ ನೋಡೋಕೆ ಈಗ ನೆಪ ಹುಡುಕಬೇಕಿಲ್ಲ.

ಕೆಲಸ ಅಂದ್ರೆ ನಿನಗೆ ಮುಖ್ಯವಾಗಿ ಗ್ರೀನ್ ಕಾರ್ಡ್, ಅಲ್ವಾ? ವರ್ಷಕ್ಕೆ ಉದ್ಯೋಗದ ಮೇಲೆ ಸುಮಾರು 1,40,000 ಗ್ರೀನ್ ಕಾರ್ಡ್, ಅದರಲ್ಲಿ ಒಂದು ದೇಶದವರಿಗೆ 7 ಪರ್ಸೆಂಟ್ ಮಿತಿ, ಇದು ಕಾಂಗ್ರೆಸ್ 1990ರಲ್ಲಿ ಮಾಡಿದ ಕಾನೂನು, ಪುಟ್ಟ ದೇಶಕ್ಕೂ ಇಂಡಿಯಾಗೂ ಅದೇ 7. ಎಚ್-1ಬಿ 65,000, ಇಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000, ಅದೂ ಕಾಂಗ್ರೆಸ್‌ದೇ. ಪ್ರೆಸಿಡೆಂಟ್ ಆರ್ಡರ್ ಹಾಕಿ ಕಿರಿಕಿರಿ ಜಾಸ್ತಿ ಮಾಡಬಹುದು ಕಮ್ಮಿ ಮಾಡಬಹುದು, ಆದ್ರೆ ಈ ಕ್ಯೂ ಕರಗಿಸೋದು ಕಾಂಗ್ರೆಸ್ ಕೈಲಿ ಮಾತ್ರ. 2019ರ ಜುಲೈನಲ್ಲಿ ಪಕ್ಕದ ಸ್ಯಾನ್ ಹೋಸೆಯ ಜೋ ಲಾಫ್‌ಗ್ರೆನ್, ಅವರು ಎಡ್ವರ್ಡ್ಸ್ ಜಾಗಕ್ಕೆ ಬಂದವರು, ತಂದ ಮಸೂದೆ ಆ ದೇಶವಾರು ಮಿತಿ ತೆಗೆಯೋದು, ಹೌಸ್‌ನಲ್ಲಿ 365ಕ್ಕೆ 65 ಓಟಲ್ಲಿ ಪಾಸಾಯ್ತು. ಎರಡೂ ಪಾರ್ಟಿಯವರು ಹಾಕಿದ್ರು. ನಾವೆಲ್ಲ ಆವತ್ತು ಫೋನಲ್ಲಿ ಕೂಗಾಡಿದ್ದೇ ಕೂಗಾಡಿದ್ದು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ಬೇರೆ ರೂಪದಲ್ಲಿ ಪಾಸ್ ಮಾಡ್ತು, ಎರಡನ್ನೂ ಒಂದು ಮಾಡೋಕೆ ಟೈಮ್ ಸಾಲದೆ ಆ ಕಾಂಗ್ರೆಸ್‌ನ ಅವಧಿ ಮುಗಿದು ಎಲ್ಲ ಬಿದ್ದು ಹೋಯ್ತು. ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ನನ್ನದು ಮುಗಿದ್ರೂ ನನಗೆ ಗೊತ್ತಿರೋ ಎಷ್ಟು ಮನೆಗಳಲ್ಲಿ ಮಕ್ಕಳು 21 ತುಂಬಿದ ಕೂಡ್ಲೇ ಅಪ್ಪನ ವೀಸಾದಿಂದ ಹೊರಗೆ ಬಿದ್ದು ಸ್ಟೂಡೆಂಟ್ ವೀಸಾ ಹುಡುಕ್ತಿದ್ದಾರೆ. ಇಲ್ಲೇ ಒಂದನೇ ಕ್ಲಾಸಿಂದ ಓದಿದ ಮಕ್ಕಳು. ಅದಕ್ಕೇ ಹೇಳ್ತಿರೋದು, ನಮ್ಮ ಪಾಡಿಗೆ ನಾವು ಅನ್ನೋಕೆ ಆಗಲ್ಲ, ನಿನ್ನ ಪಾಡು ಅವರ ಕೈಲೇ ಇದೆ.

ಹಾಗಾದ್ರೆ ನೀನು ಏನು ಮಾಡಬಹುದು. ಮೊದಲು ಏನು ಮಾಡಬಾರದು ಹೇಳ್ತೀನಿ, ಇದು ತುಂಬ ಮುಖ್ಯ. ಡಿಎಂವಿಯಲ್ಲಿ, ಅಂದ್ರೆ ಇಲ್ಲಿನ ಆರ್‌ಟಿಒದಲ್ಲಿ, ಲೈಸೆನ್ಸ್‌ಗೆ ಹೋದಾಗ ಸ್ಕ್ರೀನ್ ಮೇಲೆ ಸಿಟಿಜನ್ನಾ, ಓಟರ್ ಆಗಿ ರಿಜಿಸ್ಟರ್ ಮಾಡ್ಲಾ ಅಂತ ಕೇಳುತ್ತೆ, 2018ರಿಂದ ಅಲ್ಲೇ ರಿಜಿಸ್ಟರ್ ಆಗೋ ವ್ಯವಸ್ಥೆ ಇದೆ. ಅವಸರದಲ್ಲಿ ಯೆಸ್ ಯೆಸ್ ಅಂತ ಒತ್ಕೊಂಡು ಹೋಗಬೇಡ. ಸಿಟಿಜನ್ ಅಲ್ಲದೆ ಸಿಟಿಜನ್ ಅಂತ ಹೇಳಿದ್ರೆ ಇಮಿಗ್ರೇಷನ್‌ನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ, ಗ್ರೀನ್ ಕಾರ್ಡ್ ಕನಸೇ ಮುಗಿದು ಹೋಗಬಹುದು. ಹೆಂಡತಿಗೂ ಹೇಳು. ಅಕಸ್ಮಾತ್ ನಿನ್ನ ಹೆಸರಿಗೆ ಬ್ಯಾಲಟ್ ಮನೆಗೆ ಬಂದುಬಿಟ್ರೆ, ಇಲ್ಲಿ ರಿಜಿಸ್ಟರ್ ಆದ ಎಲ್ಲರಿಗೂ ಅಂಚೆಯಲ್ಲೇ ಬರುತ್ತೆ, ತುಂಬಿಸಬೇಡ, ಕೌಂಟಿಯ ರಿಜಿಸ್ಟ್ರಾರ್ ಆಫೀಸಿಗೆ ತಿಳಿಸಿ ಹೆಸರು ತೆಗೆಸು, ಒಬ್ಬ ಇಮಿಗ್ರೇಷನ್ ಲಾಯರ್ ಹತ್ರನೂ ಮಾತಾಡು. ಇನ್ನೊಂದು, ಎಚ್-1ಬಿಯಲ್ಲಿ ಇರೋರು ಯಾವ ಎಲೆಕ್ಷನ್‌ಗೂ, ಸಿಟಿ ಕೌನ್ಸಿಲ್‌ಗೂ ಸೇರಿ, ಒಂದು ಡಾಲರ್ ಕೂಡ ಚಂದಾ ಕೊಡೋ ಹಾಗಿಲ್ಲ, ಗ್ರೀನ್ ಕಾರ್ಡ್ ಬಂದ್ಮೇಲೆ ಕೊಡಬಹುದು, ಓಟು ಮಾತ್ರ ಸಿಟಿಜನ್ ಆದ್ಮೇಲೇ. ದುಡ್ಡು ತಗೊಳ್ಳದೆ ವಾಲಂಟಿಯರ್ ಮಾಡೋಕೆ ಅಡ್ಡಿಯಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಿಟಿಜನ್ ಅಲ್ಲದ ಅಪ್ಪ ಅಮ್ಮಂದಿರೂ ಸ್ಕೂಲ್ ಬೋರ್ಡ್‌ಗೆ ಓಟು ಹಾಕಬಹುದು ಅಂತ 2016ರಲ್ಲಿ ಮಾಡ್ಕೊಂಡ್ರು, ಅದನ್ನ ಕೇಳಿ ಇಲ್ಲೂ ಇದೆ ಅನ್ಕೋಬೇಡ.

ಮಾಡಬಹುದಾದ್ದು ಅಂದ್ರೆ, ಕಾಂಗ್ರೆಸ್ ಸದಸ್ಯರ ಲೋಕಲ್ ಆಫೀಸ್ ಇದೆಯಲ್ಲ, ಅದು ನಿನಗೂ ತೆರೆದಿದೆ. ಕೇಸ್‌ವರ್ಕರ್ ಅಂತ ಇರ್ತಾರೆ, ಅರ್ಜಿ ಎಲ್ಲೋ ಸಿಕ್ಕಿಹಾಕ್ಕೊಂಡಿದ್ರೆ ಇಲಾಖೆಗೆ ಅವರೇ ಪತ್ರ ಬರೆದು ವಿಚಾರಿಸ್ತಾರೆ, ಓಟಿದೆಯಾ ಅಂತ ಕೇಳಲ್ಲ, ಅಡ್ರೆಸ್ ಕ್ಷೇತ್ರದ ಒಳಗಿದ್ರೆ ಸಾಕು. ನಮ್ಮ ಪರಿಚಯದ ಒಬ್ಬಳಿಗೆ ಮಂಡ್ಯದಲ್ಲಿ ಅಮ್ಮ ಐಸಿಯುನಲ್ಲಿದ್ರು, ಗ್ರೀನ್ ಕಾರ್ಡ್ ಅರ್ಜಿ ಮಧ್ಯದಲ್ಲಿತ್ತು, ದೇಶ ಬಿಟ್ಟು ಹೋಗಿ ವಾಪಸ್ ಬರೋ ಪರ್ಮಿಷನ್ ಪೇಪರ್ ತಿಂಗಳುಗಟ್ಟಲೆ ಬಂದಿರ್ಲಿಲ್ಲ. ನನ್ನ ಅಡುಗೆಮನೆ ಟೇಬಲ್ ಮೇಲೆ ಕೂತು ಪ್ರೈವೆಸಿ ರಿಲೀಸ್ ಫಾರ್ಮ್ ತುಂಬಿದ್ವಿ, ನನ್ನ ಫೈಲ್ ನೋಡೋಕೆ ಒಪ್ಪಿಗೆ ಇದೆ ಅಂತ ಸಹಿ ಮಾಡೋ ಒಂದು ಹಾಳೆ ಅದು, ಅದಿಲ್ಲದೆ ಅವರು ಏನೂ ಕೇಳೋ ಹಾಗಿಲ್ಲ. ರಸೀದಿ ನಂಬರ್, ಆಸ್ಪತ್ರೆ ಡಾಕ್ಟರ್ ಪತ್ರದ ಇಂಗ್ಲಿಷ್ ಕಾಪಿ, ಎಲ್ಲ ಸೇರಿಸಿ ಕಳಿಸಿದ್ವಿ. ಆ ಕಡೆಯಿಂದ ಒಂದು ಹೆಣ್ಣುಮಗಳು ಫೋನ್ ಮಾಡಿ ಸಮಾಧಾನವಾಗಿ ಎಲ್ಲ ಕೇಳಿ ಬರ್ಕೊಂಡ್ರು, ಪೇಪರ್ ಬಂತು, ಅಮ್ಮನ್ನ ನೋಡಿ ಬಂದಳು. ಕ್ಯೂನಲ್ಲಿ ನಿನ್ನನ್ನ ಮುಂದೆ ತಳ್ಳೋಕೆ, ಇಲ್ಲ ಅಂದಿದ್ದನ್ನ ಹೌದು ಮಾಡಿಸೋಕೆ ಅವರಿಗೆ ಆಗಲ್ಲ, ಅದನ್ನ ನಿರೀಕ್ಷೆ ಮಾಡಬೇಡ, ಆದ್ರೆ ಯಾರೂ ನೋಡದೆ ಬಿದ್ದಿರೋ ಫೈಲನ್ನ ಯಾರಾದ್ರೂ ತೆಗೆದು ನೋಡೋ ಹಾಗೆ ಮಾಡ್ತಾರೆ. ಟೌನ್ ಹಾಲ್ ಮೀಟಿಂಗ್ ಇಟ್ಟಾಗ ಹೋಗು, ಮೈಕ್ ಹಿಡಿದು ಹೆಸರು ಊರು ಹೇಳಿ ಪ್ರಶ್ನೆ ಕೇಳು, ಗ್ರೀನ್ ಕಾರ್ಡ್ ಕ್ಯೂ ಬಗ್ಗೆ ಕೇಳು. ಓಟಿಲ್ಲದವರು ಮಾತಾಡಬಾರದು ಅಂತ ಎಲ್ಲೂ ಇಲ್ಲ. ನಿನ್ನ ಪಕ್ಕ ಕೂತ ಕನ್ನಡ ಕೂಟದ ಹಿರಿಯರಿಗೆ ಓಟಿದೆ, ಅವರಿಗೆ ನಿನ್ನ ಕಷ್ಟ ಗೊತ್ತಾಗಬೇಕಲ್ಲ.

ನಂಗೆ ಸಿಟಿಜನ್‌ಶಿಪ್ ಇಂಟರ್‌ವ್ಯೂನಲ್ಲಿ ಕೇಳಿದ್ದೂ ನಿನ್ನ ಪ್ರತಿನಿಧಿ ಯಾರು ಹೇಳು ಅಂತಾನೇ, ಅದು ಪಟ್ಟಿಯಲ್ಲಿರೋ ಪ್ರಶ್ನೆ, ಊರಿಗೊಂದು ಉತ್ತರ. ನಾನು ಮೈಕ್ ಹೊಂಡಾ ಅಂದೆ, ಆಫೀಸರ್ ತಲೆ ಎತ್ತದೆ ಟಿಕ್ ಹಾಕಿದ್ರು. ನಿನಗೆ ಆ ಕುರ್ಚಿಯಲ್ಲಿ ಕೂರೋ ದಿನ ಬರೋಷ್ಟರಲ್ಲಿ ನಿನ್ನ ಮಗಳೇ, ಇಲ್ಲಿ ಹುಟ್ಟಿದವಳಾದ್ರೆ, ಓಟು ಹಾಕಿಬಿಟ್ಟಿರಬಹುದು, ಈ ರಾಜ್ಯದಲ್ಲಿ 16ಕ್ಕೇ ಮುಂಗಡವಾಗಿ ಹೆಸರು ಬರೆಸಬಹುದು. ಎಷ್ಟೋ ಮನೆಗಳಲ್ಲಿ ಮೊದಲ ಬ್ಯಾಲಟ್ ಬರೋದು ಮಗುವಿನ ಹೆಸರಿಗೆ, ಅಪ್ಪ ಅಮ್ಮ ಪಕ್ಕ ಕೂತು ನೋಡ್ತಾರೆ.

ಕೊನೆಗೆ ಮನೆ ವಿಷಯ. ಟೆಕ್ಸಾಸ್‌ನವರು ಮುಂದಿನ ಗಣತಿಗೆ ಕಾಯದೆ ಮಧ್ಯದಲ್ಲೇ ತಮ್ಮ ನಕ್ಷೆ ಬದಲಾಯಿಸಿದ್ರು ಅಂತ ಇಲ್ಲೂ 2025ರ ನವೆಂಬರ್‌ನಲ್ಲಿ ಪ್ರಾಪೊಸಿಷನ್ 50 ಅನ್ನೋ ಜನಮತದ ಪ್ರಸ್ತಾವಕ್ಕೆ ಓಟು ಹಾಕಿದ್ವಿ, ಪಾಸಾಯ್ತು, ಅದರ ಪ್ರಕಾರ 2026, 2028, 2030ರ ಎಲೆಕ್ಷನ್‌ಗೆ ಕಮಿಷನ್‌ದಲ್ಲ, ಶಾಸಕರು ಬರೆದ ಗೆರೆ, ಆಮೇಲೆ ಗಣತಿ ಆಗಿ ಮತ್ತೆ ಕಮಿಷನ್. ಅದಕ್ಕೇ ಹಳೇ ನಕ್ಷೆ ನಂಬ್ಕೊಂಡು ಕೂರಬೇಡ, ನೀನು ನೋಡ್ತಿರೋ ಫ್ರೀಮಾಂಟ್ ಮನೆಯ ಪೂರ್ತಿ ಅಡ್ರೆಸ್ ಹಾಕಿ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್ ವೆಬ್‌ಸೈಟ್‌ನಲ್ಲಿ ಯಾವ ಕ್ಷೇತ್ರ ಬರುತ್ತೆ ನೋಡ್ಕೋ, ಬರೀ ಜಿಪ್ ಕೋಡ್ ಹಾಕಿದ್ರೆ ಕೆಲವು ಕಡೆ ಎರಡೆರಡು ತೋರಿಸುತ್ತೆ. ಸ್ಕೂಲಿನ ಗೆರೆ ಇದಕ್ಕೆ ಸಂಬಂಧವೇ ಇಲ್ಲದ ಬೇರೆ ನಕ್ಷೆ, ಒಂದೇ ರಸ್ತೆಯ ಎದುರುಬದುರು ಮನೆಗೆ ಬೇರೆ ಬೇರೆ ಸ್ಕೂಲ್ ಬರಬಹುದು, ಅಗ್ರಿಮೆಂಟ್‌ಗೆ ಸಹಿ ಹಾಕೋ ಮುಂಚೆ ಫ್ರೀಮಾಂಟ್ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಫೋನ್ ಮಾಡಿ ಕೇಳು. ಸೆಂಟರ್‌ವಿಲ್ ಕಡೆ ಬಾಡಿಗೆ ಸ್ವಲ್ಪ ತಡ್ಕೋಬಹುದು, ವಾರ್ಮ್ ಸ್ಪ್ರಿಂಗ್ಸ್ ಆದ್ರೆ ಬಾರ್ಟ್ ರೈಲು ಹತ್ರ. ಅಡ್ರೆಸ್ ಫೈನಲ್ ಆದ್ಮೇಲೆ ತಿಳಿಸು.